ಭರ್ತಿ ಎಂಬ ಮಾತು

ನಾವು ಧಾರವಾಡದ ಕಡೆಯವರು. ಸಮುದ್ರ ಕಂಡದ್ದೇ ಮದುವೆಯಾಗಿ ಮುಂಬಯಿಗೆ ಬಂದ ಮೇಲೆ. ಐವತ್ತರ ದಶಕದ ಮಾತು. ಒಂದು ವರ್ಷದ ಮಗನಿಗೆ ಗೋವರ, ಅಂದರೆ ದಡಾರದ ಜ್ವರ, ಬಂದು ಹೋಗಿತ್ತು. ಚಾಳಿನ ಹೊಗೆಯಿಂದ ನಾಲ್ಕು ದಿನ ದೂರ ಇಡಿ, ಸಮುದ್ರದ ಗಾಳಿ ಒಳ್ಳೆಯದು ಎಂದರು ಡಾಕ್ಟರು. ಯಜಮಾನರು ಕಚೇರಿಯ ಗೆಳೆಯರಿಂದ ಡೇರೆ ಕೇಳಿ ತಂದರು. ಕೂಸು, ಆರು ವರ್ಷದ ಮಗಳು, ನಾವಿಬ್ಬರು ದಾದರಿನಿಂದ ಲೋಕಲ್ ಹಿಡಿದು ಮಲಾಡಿಗೆ, ಅಲ್ಲಿಂದ ಟಾಂಗಾದಲ್ಲಿ ಮಾರ್ವೆಯ ದಂಡೆಗೆ ಹೋದೆವು.

ನನ್ನ ಗಂಟಿನಲ್ಲಿ ಓಮ, ಇಂಗು, ಉಣ್ಣೆಯ ಕುಲಾವಿ, ದೇವರ ಸಣ್ಣ ದೀಪ.

"ದೇವರ ಮನೀನ ಹೊತ್ಕೊಂಡ್ ಬಂದೀಯೇನು?" ಎಂದು ಅವರು ನಕ್ಕರು.

ದಂಡೆಯ ಮೇಲಿನ ಗಾಳಿಮರಗಳ ಕೆಳಗೆ ಡೇರೆ ಹೊಡೆಯುವಾಗ ಮೀನಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಿಂತು, ಉಸುಕಿನ ಕಡೆ ಕೈ ಮಾಡಿ, "ಸಂಧ್ಯಾಕಾಳೀ ಭರತೀ ಯೇಣಾರ" ಎಂದು ಮರಾಠಿಯಲ್ಲಿ ಹೇಳಿ ಹೋದಳು.

"ಸಂಜೀಮುಂದ ಮಂದಿ ಬಂದು ಜಾಗಾ ಭರ್ತಿ ಆಗತದಂತ," ಎಂದರು ಯಜಮಾನರು. ತಮ್ಮ ಮರಾಠಿಯ ಮೇಲೆ ಅವರಿಗೆ ಬಹಳ ಭರವಸೆ. "ನಡೀ, ಈಗಲೇ ಮುಂದ ಚಲೋ ಜಾಗಾ ಹಿಡಿಯೋಣು."

"ಇಲ್ಲೇ ನೆರಳದ ರೀ. ಕೂಸು ಜ್ವರದಿಂದ ಈಗಿನ್ನೂ ಎದ್ದದ."

"ಗಾಳಿಗೇ ಅಲ್ಲೇನು ಬಂದದ್ದು?"

ಡೇರೆ ನೀರಿನ ಹತ್ತಿರದ ಸಪಾಟು ಉಸುಕಿಗೆ ಹೋಯಿತು.

ಸಂಜೆ ಯಜಮಾನರು ಕುಡಿಯುವ ನೀರಿಗೆ ಬಾವಿಯ ಕಡೆ ಹೋಗಿದ್ದರು. ಕೂಸು ಡೇರೆಯಲ್ಲಿ ಮಲಗಿತ್ತು. ದೇವರ ದೀಪ ಹಚ್ಚಲು ಹೋದರೆ ಗಾಳಿಗೆ ಮೂರು ಕಡ್ಡಿ ಆರಿದವು. ಮಗಳನ್ನು ಕರೆದುಕೊಂಡು ಗಾಳಿಮರದ ಮರೆಗೆ ಹೋದೆ. ಒಂದು ದೀಪ ಹಚ್ಚುವಷ್ಟು ಹೊತ್ತು, ಅಷ್ಟೇ ಎಂದುಕೊಂಡೆ. ದೀಪ ಹತ್ತಿತು. ಮುಳುಗುವ ಸೂರ್ಯನಿಗೆ ಕೈ ಮುಗಿಯಲು ತಿರುಗಿದರೆ ಡೇರೆಯ ಸುತ್ತ ನೀರು.

ಓಡಿದೆ. ಸೀರೆ ಕಾಲಿಗೆ ಸುತ್ತಿ ಬಿದ್ದೆ. ಏಳುವಷ್ಟರಲ್ಲಿ ಅದೇ ಮುದುಕಿ ಮೊಣಕಾಲುದ್ದ ನೀರಿಗಿಳಿದು ಕೂಸನ್ನು ಹೆಗಲಿಗೇರಿಸಿದ್ದಳು. "ಸಾಂಗಿತಲಂ ನಾ, ಭರತೀ!" ಹೇಳಿದ್ದೆನಲ್ಲ, ಎಂದು ಬೈಯುತ್ತಲೇ ಬಂದಳು. ಆಗ ತಿಳಿಯಿತು: ಅವರ ಭರತಿ ಎಂದರೆ ಸಮುದ್ರ ಉಕ್ಕಿ ಬರುವುದು.

ಕೂಸು ಸೊಂಟದವರೆಗೆ ತೊಯ್ದಿತ್ತು, ಅತ್ತಿರಲಿಲ್ಲ. ಆಕೆಯ ಗುಡಿಸಲಿನಲ್ಲಿ ಒಲೆಯ ಮುಂದೆ ಕೂತು ಅವನ ಮೈ ಒರೆಸಿದೆ, ಆಕೆ ಕೊಟ್ಟ ಚಹಾ ಕುಡಿದೆ. ಮಡಿ ನೆನಪಾಗಲಿಲ್ಲ. ಹಾಸಿಗೆ ಹೋಯಿತು, ಒಂದು ಚಪ್ಪಲಿ ಹೋಯಿತು. ಜ್ವರ ಮರಳಲಿಲ್ಲ. ದೇವರು ಆ ಮೂರು ಕಡ್ಡಿ ಆರಿಸದಿದ್ದರೆ ಕೂಸನ್ನು ಬಿಟ್ಟು ಹೋಗುತ್ತಿರಲಿಲ್ಲ ಎಂದು ಒಮ್ಮೆ ಅನ್ನಿಸುತ್ತದೆ. ಆದರೆ ಆ ಮುದುಕಿಯನ್ನು ಕಳಿಸಿದವನೂ ಅವನೇ. ನಾನು ಇದನ್ನಷ್ಟೇ ಹಿಡಿದುಕೊಂಡಿದ್ದೇನೆ.

ಯಜಮಾನರು ಎರಡು ದಿನ ಮರಾಠಿ ಆಡಲಿಲ್ಲ. ಮರಳುವಾಗ ಲೋಕಲ್‌ನಲ್ಲಿ ಮಂದಿಯ ಗದ್ದಲ ನೋಡಿ ಅಭ್ಯಾಸಬಲದಿಂದ, "ಡಬ್ಬಿ ಭರ್ತಿ ಅದ" ಎಂದರು. ಮಗಳು ತಟ್ಟನೆ ಎರಡೂ ಕಾಲು ಮೇಲೆತ್ತಿಕೊಂಡು, ತಮ್ಮನ ಅಂಗಿ ಹಿಡಿದಳು.