ದೊಲ್ಗೊರಕ್ಕ ಸೊಂಟಕ್ಕೆ ಕಟ್ಟಿಕೊಂಡ ನಾಯಿ

“ನಾಯಿ ಹಿಡೀರಪ್ಪೋ!”

ನಮ್ಮ ಮಂಗೋಲಿಯದ ಹುಲ್ಲುಗಾವಲಲ್ಲಿ ನೆಂಟರು ದೂರದಿಂದಲೇ ಹೀಗೆ ಕೂಗಬೇಕು, ಮನೆಯವರು ಓಡಿಬಂದು ನಾಯಿಯ ಕುತ್ತಿಗೆ ತಬ್ಬಿ ಹಿಡಿಯಬೇಕು. ಆಮೇಲೇ ಕುದುರೆ ಇಳಿಯೋದು, ಉಪ್ಪು ಚಹಾ ಕುಡಿಯೋದು. ಆದರೆ ನಮ್ಮ ಅರ್ಸ್ಲಾನನ್ನ ಹಿಡಿಯೋರು ಯಾರು? ಆಗಷ್ಟೇ ವರ್ಷ ತುಂಬಿತ್ತು, ಮೈ ಮಾತ್ರ ಬೆಳೆದ ಕರುವಿನಷ್ಟು. ಹಿಡಿಯಲು ಹೋದ ನನ್ನನ್ನೇ ಸಗಣಿ ಮೇಲೆ ದರದರ ಎಳೆದುಕೊಂಡು ಹೋಗಿ, ನೆಂಟರ ಎದೆ ಮೇಲೆ ಎರಡೂ ಕಾಲಿಟ್ಟು ನಿಲ್ಲುತ್ತಿತ್ತು. ಕುದುರೆಯ ಜೀನು, ಲಗಾಮು, ನನ್ನ ಹೊಸ ಬೂಟು, ಎಲ್ಲ ಅದರ ಬಾಯಿಗೇ. ಎಂಥ ಶನಿ ಗಂಟುಬಿತ್ತು ಅಂತ ದಿನಾ ಬಯ್ಯುತ್ತಿದ್ದೆ.

ಬೂಟು ಹಾಳಾಗಿ ಹೋಗಲಿ. ಒಂದು ಬೆಳಿಗ್ಗೆ ದೊಡ್ಡಿಗೆ ನುಗ್ಗಿ ಕುರಿಮರಿಯೊಂದರ ಕಿವಿ ಕಚ್ಚಿ ಎಳೆದಾಡಿತು, ಮೇಲೆ ಬಿದ್ದು ಹೊರಳಾಡಿತು. ಮರಿ ಸತ್ತೇಹೋಯಿತು.

“ಬಿಡಾರ ಎತ್ತೋ ದಿನ ಇದನ್ನ ಇಲ್ಲೇ ಮುಗಿಸ್ತೀನಿ,” ಅಂದರು ನಮ್ಮೆಜಮಾನರು ಗೊಂಚಿಗ್. ಅವತ್ತಿನಿಂದ ಅದನ್ನ ಹೆಸರು ಹಿಡಿದು ಕರೆಯಲಿಲ್ಲ. ನಮ್ಮಲ್ಲಿ ಇಡೀ ಮಂದೆಯಲ್ಲಿ ಒಂದು ಕುರಿಗೂ ಹೆಸರಿಲ್ಲ, ನಾಯಿಗೆ ಮಾತ್ರ ಹೆಸರು. ಕೊಟ್ಟ ಹೆಸರನ್ನೇ ಅವರು ಕಿತ್ತುಕೊಂಡರು. ಅವತ್ತು ನಾನೂ ಅದನ್ನ ಬಯ್ಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅಡ್ಡ ಬಂದವಳು ಅವರ ಅಕ್ಕ ದೊಲ್ಗೊರ್. ಮರಿಗೆ ಹಾಲೂಡಿಸದೆ ಒದೆಯುವ ತಾಯಿಕುರಿಯ ಪಕ್ಕ ಕೂತು “ತೊಯ್ಗೊ, ತೊಯ್ಗೊ” ಅಂತ ಹಾಡಿ ಹಾಡಿ ಅದರ ಮನಸ್ಸು ಕರಗಿಸುವವಳು. ಆ ಹಾಡಿಗಾಗಿ ಮೂರು ಕಣಿವೆ ದಾಟಿ ಜನ ಕರೆಯಲು ಬರುತ್ತಿದ್ದರು.

“ಅದು ಕೊಂದಿಲ್ಲ ಕಣೋ, ಆಡಿದೆ. ಬಾಲ ಅಲ್ಲಾಡ್ತಿದ್ದದ್ದು ನೋಡ್ಲಿಲ್ವಾ? ಜೊತೆ ಮರಿಗಳಿದ್ದಿದ್ರೆ ತಿರುಗಿ ಕಚ್ಚಿ ಬುದ್ಧಿ ಕಲಿಸ್ತಿದ್ವು.”

“ಅದನ್ನ ಸತ್ತ ಮರಿಗೆ ಹೇಳಕ್ಕ.”

“ಬಿಡಾರ ಎತ್ತೋವರೆಗೂ ನನಗೆ ಕೊಡು.”

“ಇಟ್ಕೋ. ಆಮೇಲೆ ಮೂಳೆ ಮುರೀತು ಅಂತ ಬಂದು ಅಳಬೇಡ.”

ಅಕ್ಕ ಕುದುರೆಕೂದಲ ಹಗ್ಗದ ಒಂದು ತುದಿಯನ್ನ ನಾಯಿಯ ಕೊರಳಿಗೆ, ಇನ್ನೊಂದನ್ನ ತನ್ನ ಸೊಂಟಕ್ಕೆ ಬಿಗಿದುಕೊಂಡಳು. ಮೊದಲ ದಿನವೇ ಮುಖ ಅಡಿಯಾಗಿ ಬಿದ್ದಳು. ನಾನು ಕೋಲು ಹಿಡಿದು ಓಡಿದೆ.

“ಕೆಳಗಿಡೇ ಅದನ್ನ! ಹೊಡೆದ್ರೆ ಕೋಲಿಗೆ ಹೆದರತ್ತೆ. ಕೋಲಿಲ್ಲದಾಗ ಏನು ಮಾಡ್ತೀಯ?”

ಬೆಳಗಾದರೆ ಅದನ್ನ ಬೆಟ್ಟ ಹತ್ತಿಸಿ ದಣಿಸುತ್ತಿದ್ದಳು, ಅಗಿಯಲು ಎಲುಬು ಕೊಡುತ್ತಿದ್ದಳು, ಆಮೇಲೆ ಕುರಿಗಳ ನಡುವೆ ಕೂತು ಹಾಡು ಶುರು. ಅರ್ಸ್ಲಾನ್ ಎದ್ದು ಜಗ್ಗಿದರೆ ಹಾಡು ಬಂದ್. ಮುಖ ತಿರುಗಿಸಿ ಕೂತುಬಿಡುತ್ತಿದ್ದಳು. ಮಲಗಿದರೆ ಮತ್ತೆ ಹಾಡು, ಕಿವಿಯ ಹಿಂದೆ ಅವಳ ಕೈ. ಅಷ್ಟೇ! ಒಂದು ಬೈಗುಳವಿಲ್ಲ. ಆ ತಾಳ್ಮೆ ಎಲ್ಲಿಂದ ಬಂತೋ, ನನಗಂತೂ ಈಗಲೂ ಅರ್ಥವಾಗಿಲ್ಲ. ದಿನ ಕಳೆದಂತೆ ಹಗ್ಗ ಸಡಿಲವಾಗಿ ನೆಲದ ಮೇಲೆ ಬಿದ್ದಿರುತ್ತಿತ್ತು.

ಬಿಡಾರ ಎತ್ತುವ ದಿನ ಬಂತು. ಗುಡಾರ ಬಿಚ್ಚಿದ್ದೆವು. ಗೊಂಚಿಗ್ ಕೋವಿ ಒರೆಸುತ್ತಿದ್ದರು. ಹಿಂದಿನ ದಿನ ಒಂದು ಕುರಿ ಸತ್ತು ಅದರ ಮರಿ ತಬ್ಬಲಿಯಾಗಿತ್ತು. ಅಕ್ಕ ಆ ತಬ್ಬಲಿಯನ್ನೆತ್ತಿಕೊಂಡು, ಅರ್ಸ್ಲಾನ್‌ನಿಂದಾಗಿ ಮರಿ ಕಳೆದುಕೊಂಡಿದ್ದ ತಾಯಿಕುರಿಯ ಹತ್ತಿರ ಹೋದಳು. ನಾನು ದಿನಾ ಹಿಂಡಿ ಅದರ ಹಾಲು ಬತ್ತದಂತೆ ನೋಡಿಕೊಂಡಿದ್ದೆ. ಅಕ್ಕ ಕೂತವಳೇ ನಾಯಿಯ ಹಗ್ಗ ಬಿಚ್ಚಿ ಎಸೆದಳು.

“ಅಕ್ಕ, ಹುಚ್ಚಾ ನಿನಗೆ? ನಾಯಿ ಪಕ್ಕದಲ್ಲಿದ್ರೆ ಕುರಿ ಈ ತಬ್ಬಲೀನ ಮೂಸಿ ಸಹಾ ನೋಡಲ್ಲ!” ಗೊಂಚಿಗ್ ಕೋವಿ ಹಿಡಿದೇ ಎದ್ದರು.

ಅಕ್ಕ ಹಾಡಿದಳು. ಅರ್ಸ್ಲಾನ್ ಮಲಗಿತು. ಕುರಿ ನೆಲಕ್ಕೆ ಕಾಲು ಬಡಿದು, ಓಡಿಬಂದು ನಾಯಿಯ ಮೂತಿಗೆ ಢೀ ಅಂತ ಗುದ್ದಿತು. ಅಯ್ಯೋ, ಮುಗೀತು ಅಂದುಕೊಂಡೆ. ನಾಯಿ ಕಣ್ಣು ಮುಚ್ಚಿಕೊಂಡಿತು. ಕುರಿ ಮತ್ತೆ ಗುದ್ದಿತು. ಅಷ್ಟು ದೊಡ್ಡ ಪ್ರಾಣಿ, ಗಂಟಲಲ್ಲೇ ಕುಂಯ್ ಅಂದು, ಏಳಲೇ ಇಲ್ಲ. ಹಾಡೂ ನಿಲ್ಲಲಿಲ್ಲ. ಕುರಿಯ ಸಿಟ್ಟು ಇಳಿಯಿತೇನೋ, ತುಂಬ ಹೊತ್ತು ಸುಮ್ಮನೆ ನಿಂತು, ಕೊನೆಗೆ ತಿರುಗಿ ತಬ್ಬಲಿಯ ಬೆನ್ನು ಮೂಸಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಕುರಿ ಒದೆಯಲಿಲ್ಲ! ನನಗೆ ಕೈ ಮುಗಿಯಬೇಕೆನ್ನಿಸಿತು, ಮುಗಿದೆ.

ಅದೇ ಹೊತ್ತಿಗೆ ಸಾಮಾನು ಹೊರಲು ಒಂಟೆ ಹೊಡೆದುಕೊಂಡು ಬಂದ ಪಕ್ಕದ ಕಣಿವೆಯವನು ದೂರದಿಂದ ಕೂಗಿದ: “ನಾಯಿ ಹಿಡೀರಪ್ಪೋ!”

ಅರ್ಸ್ಲಾನ್ ನೆಗೆದು ಓಡಿತು. ಮರಿ ಹಾಲು ಕುಡಿಯುತ್ತಿತ್ತು, ಅಕ್ಕ ಏಳಲಿಲ್ಲ, ಹಾಡುತ್ತಲೇ ಇದ್ದಳು. ಗೊಂಚಿಗ್ ಒಮ್ಮೆ ಅವಳನ್ನ ನೋಡಿದರು. ಕೋವಿಯನ್ನ ಹಾಸಿಗೆ ಗಂಟಿನ ಮೇಲೆ ಬಿಸಾಡಿ ಓಡಿದರು.

“ಅರ್ಸ್ಲಾನ್! ಏಯ್, ಅರ್ಸ್ಲಾನ್!”

ನಾಯಿ ನಿಂತಿತು. ತಿರುಗಿ ನೋಡಿ, ಅವರ ಕಡೆಗೇ ನಡೆದು ಬಂತು. ನಮ್ಮೆಜಮಾನರು ಮಂಡಿಯೂರಿ ಅದರ ಕುತ್ತಿಗೆ ತಬ್ಬಿ, ತುಪ್ಪಳದಲ್ಲಿ ಮುಖ ಹುದುಗಿಸಿಕೊಂಡರು.

“ಹಿಡಿದಿದ್ದೀನಿ,” ಅಂತ ಅಲ್ಲಿಂದಲೇ ಕೂಗಿದರು. “ಬಾರಪ್ಪ.”