ವಸ್ತಾದ ಯಾರೆಂದು ಕೇಳಿದ ದಿನ

ಆ ಭಾನುವಾರ ನಳಕ್ಕೆ ನೀರು ಬಂದಿತ್ತು. ಬೆಟಗೇರಿಯಲ್ಲಿ ನೀರು ಬಂದ ಬೆಳಿಗ್ಗೆ ಬೇರೆ ಕೆಲಸಗಳೆಲ್ಲ ಹಿಂದೆ ಸರಿದು ನಿಲ್ಲುತ್ತವೆ. ಕೊಡ, ಬಕೆಟ್ಟು, ಹಂಡೆ ತುಂಬಿಸಿ, ಅಂಗಳದ ಟಾಕಿಗೆ ಪೈಪು ಬಿಟ್ಟು ನಾನು ರೊಟ್ಟಿ ಬಡಿಯಲು ಕುಳಿತೆ. ಮಾವನವರು ಪಕ್ಕದಲ್ಲೇ ಕುಳಿತು ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತಿದ್ದರು. ಗಂಡ ಸೀರೆಗಳ ಗಂಟು ತೆಗೆದುಕೊಂಡು ಇಳಕಲ್ಲಿಗೆ ಹೋಗಿದ್ದರು. ಹದಿಮೂರು ವರ್ಷದ ಮಗಳು ಬಿಳಿ ಕರಾಟೆ ಉಡುಪು ತೊಟ್ಟು, ಕಂದು ಬೆಲ್ಟು ಬಿಗಿದುಕೊಂಡು ಬಂದು ಕುಳಿತಳು. ಅಂದು ಶಿರಹಟ್ಟಿಯ ಒಂದು ಮೈದಾನದಲ್ಲಿ ಅವಳ ಕ್ಲಾಸಿನ ಪ್ರದರ್ಶನವಿತ್ತು. ತಟ್ಟೆಗೆ ರೊಟ್ಟಿ ಹಾಕಿದರೆ ಅದನ್ನು ಮೆಲ್ಲಗೆ ಅಜ್ಜನ ಕಡೆ ಸರಿಸಿದಳು.

ಜ್ವರವೇನೋ ಎಂದು ಹಿಟ್ಟು ಹತ್ತಿದ ಕೈಯ ಹಿಂಬದಿಯಿಂದ ಅವಳ ಹಣೆ ಮುಟ್ಟಿದೆ. ತಣ್ಣಗಿತ್ತು.

“ಹೊಟ್ಟಿ ಖಾಲಿ ಇರಬೇಕಂತ ಮಮ್ಮಿ. ಸರ್ ಹೇಳ್ಯಾರ. ಇವತ್ತ ನನ್ನ ಹೊಟ್ಟಿ ಮ್ಯಾಲೆ ಬೈಕ್ ಹಾಯಸ್ತಾರ.”

ನಾಳೆ ಡ್ರಾಯಿಂಗ್ ಪೀರಿಯಡ್ ಇದೆ ಎನ್ನುವ ಹಾಗೆ ಹೇಳಿದಳು. ಹಂಚಿನ ಮೇಲಿನ ರೊಟ್ಟಿ ಒಂದು ಬದಿ ಕಪ್ಪಾಗುವವರೆಗೆ ನಾನು ಅದನ್ನು ತಿರುವಲೇ ಇಲ್ಲ.

ನಮ್ಮ ಕಡೆಯ ಕರಾಟೆ ಪ್ರದರ್ಶನಗಳಲ್ಲಿ ಇದು ಹೊಸದೇನಲ್ಲ. ಮೊದಲು ಸಾಲಾಗಿ ನಿಂತು ಕೈ ಬೀಸುವುದು, ಆಮೇಲೆ ಮನೆಯ ಹಂಚು ಒಡೆಯುವುದು, ಕಡೆಗೆ ಮಲಗಿದ ಮಕ್ಕಳ ಮೇಲೆ ಬೈಕು. ಆದರೆ ಮಲಗುವುದು ನನ್ನ ಮಗಳು ಎಂದಾಗ ಅದೇ ಮಾತು ಬೇರೆಯಾಗಿ ಕೇಳಿಸಿತು.

ಕ್ಲಾಸು ಹುಡುಕುವಾಗ ನಾನು ಗದಗದಲ್ಲಿ ಒಂದು ಟೇಕ್ವಾಂಡೊ ಕ್ಲಾಸನ್ನೂ ನೋಡಿ ಬಂದಿದ್ದೆ. ಅಲ್ಲಿ ಕಾಲಿನ ಆಟ ಹೆಚ್ಚು. ಮಕ್ಕಳ ಎದೆಗೆ ದಪ್ಪ ಕವಚ, ತಲೆಗೆ ಟೋಪಿ. ಮಾವನವರು ಹರೆಯದಲ್ಲಿ ಮಗ್ಗದ ಕೆಲಸ ಮುಗಿಸಿ ಗರಡಿಗೆ ಹೋಗುತ್ತಿದ್ದವರು. ಕುಸ್ತಿಯಲ್ಲಿ ಮೊದಲು ಬೀಳುವುದನ್ನು ಕಲಿಸುತ್ತಾರೆ, ಎಸೆಯುವುದು ಆಮೇಲೆ ಎನ್ನುತ್ತಿದ್ದರು. ಈಗ ಹುಡುಗಿಯರೂ ಕುಸ್ತಿ ಹಿಡಿಯುತ್ತಾರೆ, ಮೊಮ್ಮಗಳನ್ನು ಅಲ್ಲಿಗೇ ಹಾಕಬೇಕೆಂದು ಅವರ ಆಸೆ. ಮಗಳಿಗೆ ಮಾತ್ರ ಕರಾಟೆಯೇ ಬೇಕಿತ್ತು. ಮನೆಯ ಹತ್ತಿರದ ಕ್ಲಾಸಿನ ಬ್ಯಾನರಿನಲ್ಲಿ ಕರಾಟೆ, ಕುಂಗ್‌ಫು, ಕಿಕ್‌ಬಾಕ್ಸಿಂಗ್ ಮೂರೂ ಇದ್ದವು. ಒಬ್ಬರೇ ಮೂರನ್ನೂ ಎಲ್ಲಿ ಕಲಿತರು ಎಂಬ ಪ್ರಶ್ನೆ ಅಂದೇ ಬಂದಿತ್ತು. ಕೇಳಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ ಮರ್ಯಾದೆಯಲ್ಲಿ, ಕಲಿಸುವವರ ಓದು ಎಷ್ಟೆಂದು ಕೇಳುವುದು ಇರಲಿಲ್ಲ.

ಈಗ ಆ ಪ್ರಶ್ನೆಯನ್ನು ಮಾವನವರ ಮುಂದೆ ಹೇಳಿದೆ. “ಕೇಳವ್ವಾ, ಅದ್ರಾಗೇನೈತಿ,” ಎಂದರು. ಗರಡಿಗೆ ಹೊಸಬ ಬಂದರೆ ಮಣ್ಣು ಮುಟ್ಟುವ ಮೊದಲು ಅವನ ವಸ್ತಾದ, ಅಂದರೆ ಕಲಿಸಿದ ಗುರು, ಯಾರೆಂದು ಕೇಳುವುದು ರೂಢಿಯಂತೆ. ಆತ ಕಿವಿ ಮುಟ್ಟಿಕೊಂಡು ಗುರುವಿನ ಹೆಸರು ಹೇಳುತ್ತಾನೆ. “ಕೇಳಲಿಲ್ಲಂದ್ರ ಅವಂಗ ಸಿಟ್ಟ ಬರ್ತೈತಿ. ನನ್ನ ಗುರುನ್ನ ಲೆಕ್ಕಕ್ಕ ಹಿಡೀಲಿಲ್ಲಂತ.”

ಮಕ್ಕಳ ಟೆಂಪೋದಲ್ಲಿ ನಾನೂ ಹತ್ತಿ ಕುಳಿತೆ. ಮಗಳಿಗೆ ಅದು ಇಷ್ಟವಾಗಲಿಲ್ಲ. ಸೊರಟೂರು ದಾಟುವವರೆಗೂ ಕಿಟಕಿಯ ಕಡೆಯೇ ಮುಖ. ಉಡುಪಿನ ಮೇಲಿಂದ ಹೊಟ್ಟೆ ಬಿಗಿ ಹಿಡಿಯುತ್ತಿದ್ದಳು, ಬಿಡುತ್ತಿದ್ದಳು. ಬೆಲ್ಟಿನ ಗಂಟು ಅದರ ಜೊತೆಗೇ ಏರಿ ಇಳಿಯುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ಸರ್ ಬೈಕಿನ ಚಕ್ರದ ಮಣ್ಣನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಮೂವತ್ತರ ಆಸುಪಾಸಿನ, ಮಕ್ಕಳ ಮೇಲೆ ಎಂದೂ ಕೈ ಎತ್ತದ ಮನುಷ್ಯ. ಸುತ್ತ ತಂದೆ ತಾಯಂದಿರು ನಿಂತಿದ್ದರು. ಅಲ್ಲಿ ಕೇಳಬಾರದಿತ್ತೇನೋ. ಗರಡಿಯ ಮರ್ಯಾದೆ ಎಲ್ಲ ಕಡೆಗೂ ಮರ್ಯಾದೆಯೇ ಎಂದು ತಿಳಿದು, ಆದಷ್ಟು ನಯವಾಗಿ ಕೇಳಿದೆ.

“ಸರ್, ನಿಮ್ಮ ವಸ್ತಾದರು ಯಾರ್ರಿ?”

ಒರೆಸುವ ಕೈ ನಿಂತಿತು. ಯಾರೋ ಕಿಸಕ್ಕನೆ ನಕ್ಕರು.

“ಏನ್ರಿ ಮೇಡಮ್, ಎಲ್ಲಾರ ಮುಂದ ಹಿಂಗ ಕೇಳ್ತೀರಿ? ಬ್ಲ್ಯಾಕ್ ಬೆಲ್ಟ್ ಸುಮ್ನ ಬಂದೈತೇನು?”

ನನ್ನ ಕಿವಿ ಬಿಸಿಯಾದವು. ತಪ್ಪು ತಿಳಿಯಬೇಡಿ ಎಂದೆ. ಕೈ ಬೀಸುವುದನ್ನು ಬಿಡಿ, ಈ ಬೈಕಿನದನ್ನು ನಿಮಗೆ ಕಲಿಸಿದವರು ಯಾರು, ಅಷ್ಟು ಹೇಳಿ ಎಂದೆ. ಅವರು ಬಟ್ಟೆಯನ್ನು ಮಡಚಿ ಸೀಟಿನ ಮೇಲಿಟ್ಟರು. ಇದು ಎಲ್ಲ ಕ್ಲಾಸಿನವರೂ ಮಾಡುವಂಥದ್ದು, ನೋಡಿ ಕಲಿತದ್ದು ಎಂದರು. ಬರೀ ಕೈ ಬೀಸಿದರೆ ಜನ ಎದ್ದು ಹೋಗುತ್ತಾರೆ, ಬೈಕು ಇದ್ದರಷ್ಟೇ ಕಡೆಯವರೆಗೆ ನಿಲ್ಲುತ್ತಾರೆ, ಮರುದಿನ ಹೊಸ ಮಕ್ಕಳು ಬರುತ್ತಾರೆ ಎಂದರು. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

“ನೀವು ಮಲಗೀರೇನ್ರಿ ಸರ್, ಬೈಕಿನ ಕೆಳಗ?”

“ಇಲ್ರಿ. ನಾ ಓಡಸ್ತೀನಿ.”

ಮಗಳು ನನ್ನ ಸೆರಗು ಹಿಡಿದು ಜಗ್ಗಿದಳು. “ಮಮ್ಮಿ, ನೀ ಹೋಗು. ಪ್ಲೀಸ್ ಹೋಗು.” ಕಣ್ಣು ತುಂಬಿದ್ದವು, ಅಳುತ್ತಿರಲಿಲ್ಲ.

ನಾನು ಸರ್‌ಗೆ, ಇವಳು ಉಳಿದದ್ದೆಲ್ಲ ಮಾಡಲಿ, ಇದೊಂದು ಬೇಡ ಎಂದೆ. ಅವರು ನನ್ನನ್ನಲ್ಲ, ಅವಳನ್ನು ನೋಡಿ ಹೇಳಿದರು.

“ಅವ್ವಗ ನನ್ನ ಮ್ಯಾಲೆ ನಂಬಿಕಿ ಇಲ್ಲಂದ್ರ ಬ್ಲ್ಯಾಕ್ ಬೆಲ್ಟ್ ಟೆಸ್ಟಿಗೂ ಬರೂದು ಬ್ಯಾಡ ಬಿಡವ್ವಾ.”

ಎರಡು ವರ್ಷದಿಂದ ಅವಳು ದಿನವೂ ಸಂಜೆ ಅಂಗಳದಲ್ಲಿ ಅದೇ ಹೆಜ್ಜೆಗಳನ್ನು ತಿದ್ದಿಕೊಳ್ಳುತ್ತಿದ್ದಳು. ಅವಳು ನನ್ನ ಮುಖ ನೋಡಿದಳು. ನಾನು ಮಾತು ಹಿಂದೆ ತೆಗೆದುಕೊಳ್ಳುತ್ತೇನೆಂದು ಕಾದಳು. ನಾನು ತೆಗೆದುಕೊಳ್ಳಲಿಲ್ಲ.

ಸರ್ ಇನ್ನೊಬ್ಬ ಹುಡುಗಿಯನ್ನು ಕರೆದರು. ನಮ್ಮವಳಿಗಿಂತ ತೆಳ್ಳಗಿನವಳು, ಮಣಿಕಟ್ಟಿನಲ್ಲಿ ಹಸಿರು ಬಳೆ. ಸರ್ ತೆಗೆಯಲು ಹೇಳಿದಾಗ ಒಂದೊಂದಾಗಿ ಬಿಚ್ಚಿ ತಾಯಿಯ ಕೈಗಿತ್ತಳು. ನಾನು ಆ ತಾಯಿಯ ಹತ್ತಿರ ಹೋಗಿ, ಒಮ್ಮೆ ವಿಚಾರ ಮಾಡಿ ನೋಡಿ ಎಂದು ಮೆಲ್ಲಗೆ ಹೇಳಿದೆ. ಆಕೆ ಮೊಬೈಲಿನ ಗಾಜನ್ನು ಸೆರಗಿನಿಂದ ಒರೆಸುತ್ತಾ, “ನಮ್ಮಾಕಿ ಗಟ್ಟಿ ಅದಾಳ್ರಿ,” ಎಂದರು. ನನ್ನ ಮಗಳ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದೆ. ಹಿಂದೆ ಮೈಕಿನಲ್ಲಿ ಎಣಿಕೆ ಶುರುವಾಗಿತ್ತು.

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕುಳಿತುಕೊಳ್ಳಲಿಲ್ಲ. ಮುಂದಿನ ಸೀಟಿನಲ್ಲಿ ಅವಳ ಜಡೆ ಮಾತ್ರ ಕಾಣುತ್ತಿತ್ತು. ನಾನು ಸರಿಯೇ ಮಾಡಿದೆ ಎಂದುಕೊಳ್ಳುತ್ತಿದ್ದಂತೆ ಆ ಹಸಿರು ಬಳೆಗಳು ನೆನಪಾಗುತ್ತಿದ್ದವು. ಮನೆಯಲ್ಲಿ ಮಾವನವರು ನಮ್ಮಿಬ್ಬರ ಮುಖ ನೋಡಿ ಎದ್ದು ಹೊರಗೆ ಹೋದರು. ಮಧ್ಯಾಹ್ನವೆಲ್ಲ ಅವಳ ಕೋಣೆಯ ಬಾಗಿಲು ಮುಚ್ಚಿತ್ತು. ನಾನು ಎರಡು ಸಲ ಬಾಗಿಲವರೆಗೆ ಹೋಗಿ, ಒಳಗೆ ಫ್ಯಾನಿನ ಸದ್ದು ಕೇಳಿ ಹಿಂದಿರುಗಿದೆ.

ಸಂಜೆ ಪಕ್ಕದ ಮನೆಯವರು ಒಣಹಾಕಿದ ಮೆಣಸಿನಕಾಯಿ ತೆಗೆಯಲು ಬಂದವರು, ನನ್ನನ್ನು ಕಂಡು ಗೋಡೆಯ ಮೇಲಿಂದ ಮೊಬೈಲು ಚಾಚಿದರು. ಕ್ಲಾಸಿನ ವಿಡಿಯೋ ಯಾರದೋ ಸ್ಟೇಟಸ್ಸಿನಲ್ಲಿ ಬಂದಿತ್ತಂತೆ. ಮಗಳೂ ಬಾಗಿಲು ತೆರೆದು ಬಂದು ನನ್ನ ಹಿಂದೆ ನಿಂತಳು. ಬೈಕು ಬಂತು, ಆ ತೆಳ್ಳಗಿನ ಹುಡುಗಿಯ ಮೇಲೆ ಹಾಯಿತು, ಚಪ್ಪಾಳೆ. ಹುಡುಗಿ ಒಮ್ಮೆಗೇ ಏಳಲಿಲ್ಲ. ಮೊದಲು ಮಗ್ಗುಲಾದಳು, ಒಂದು ಕೈ ಪಕ್ಕೆಗೆ ಹೋಯಿತು. ಅಷ್ಟಕ್ಕೆ ವಿಡಿಯೋ ಮುಗಿಯಿತು. ಮಗಳು ಇನ್ನೊಮ್ಮೆ ಹಾಕಲು ಹೇಳಿ, ಆ ಕೊನೆಯ ಗಳಿಗೆಯನ್ನು ಬಾಗಿ ನೋಡಿದಳು. ಅವಳ ಬೆರಳು ನನ್ನ ತೋಳಿನ ಮೇಲೆ ಬಿದ್ದು ಬಿಗಿಯಾಯಿತು.

ನೆರೆಯವರು ಮೊಬೈಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಣಸಿನಕಾಯಿಯ ಕಡೆ ತಿರುಗಿದರು.

“ಏನೂ ಆಗಿಲ್ಲ ನೋಡ್ರಿ ವೈನಿ,” ಎಂದರು. “ಮುಂದಿನ ಸಲ ಕಾರ್ ಹಾಯಸ್ತಾರಂತ.”