ಮೊಸರಿನ ಗಂಟಿಗೆ ಎರಡು ಚೊಂಬು ನೀರು

ಕೊಳ್ಳೇಗಾಲದ ನಮ್ಮ ಮನೆಗೆ ಮಾಂಬಳ್ಳಿಯಿಂದ ನಾದಿನಿಯ ಮನೆಯವರು ಊಟಕ್ಕೆ ಬರುವವರಿದ್ದರು. ಪಾಯಸ ಮಾಡಿ ಮಾಡಿ ನನಗೇ ಬೇಸರ ಬಂದಿತ್ತು. ಈ ಸಲ ಒಬ್ಬೊಬ್ಬರಿಗೂ ಒಂದೊಂದು ಗಾಜಿನ ಲೋಟದಲ್ಲಿ ಗಟ್ಟಿ ಮೊಸರು ಹಾಕಿ, ಮೇಲೆ ಹಣ್ಣು ಜೋಡಿಸಿ ಕೊಡೋಣವೆಂದು ಹಿಂದಿನ ಸಂಜೆಯೇ ಮೊಸರನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಮೊಳೆಗೆ ನೇತುಹಾಕಿದೆ.

ಬೆಳಿಗ್ಗೆ ಒಂದು ಚೂರು ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಬೇಸಿಗೆ ಎಂಬುದನ್ನೇ ಮರೆತಿದ್ದೆ. ಸಕ್ಕರೆ ಸುರಿದು ಹೇಗೋ ಸರಿಮಾಡಿದರಾಯಿತು ಎಂದುಕೊಂಡು ಹಣ್ಣು ತರಲು ಹೋದೆ. ವಾಪಸು ಬಂದಾಗ ಗಂಟಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಪಕ್ಕದಲ್ಲಿ ಅತ್ತೆ ಚೊಂಬು ಹಿಡಿದು ನಿಂತಿದ್ದರು.

"ಉರುಳಿಕಾಳು ಒಣ್ಗೋಯ್ತಾವೆ ಅಂತ ಎರ್ಡು ಚೊಂಬು ನೀರು ಉಯ್ದೆ ಕಣಮ್ಮಿ," ಎಂದರು. ನಮ್ಮ ಮನೆಯಲ್ಲಿ ಬಟ್ಟೆಯ ಗಂಟು ನೇತಾಡುತ್ತಿದ್ದರೆ ಅದು ಮೊಳಕೆ ಕಟ್ಟಿದ ಕಾಳೇ.

"ಅದು ಮೊಸರು ಅತ್ತೆ!" ಎಂದು ಕೂಗಿಯೇಬಿಟ್ಟೆ. ಅವರ ಮುಖ ಸಣ್ಣಗಾಯಿತು. ನನಗೋ ಅಳುವೇ ಬಂದಂತಾಗಿತ್ತು. ಗಂಟನ್ನು ಹಿಂಡಿ, ಬಿಚ್ಚಿ, ಬೆರಳಲ್ಲಿ ನೆಕ್ಕಿ ನೋಡಿದೆ. ಹುಳಿಯೆಲ್ಲ ನೀರಿನ ಜೊತೆ ಇಳಿದುಹೋಗಿ ಬೆಣ್ಣೆಯಂಥ ಮೊಸರು ಉಳಿದಿತ್ತು. ಅಬ್ಬಾ, ಹೋದ ಜೀವ ಬಂದಂತಾಯಿತು. ಕೂಗಿದ್ದಕ್ಕೆ ನಾಚಿಕೆಯೂ ಆಯಿತು.

ಸಕ್ಕರೆ ಕಲಸಿ, ಬಾಳೆಹಣ್ಣು, ದಾಳಿಂಬೆ ಜೋಡಿಸಿ ಮೊದಲ ಲೋಟವನ್ನು ಅತ್ತೆಗೇ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು, ನನ್ನ ಮುಖ ನೋಡಿ ಅಂದರು: "ಮೊಳ್ಕೆ ಬರ್ದಿದ್ರೂ ರುಚಿ ಬಂದದೆ ಬುಡು."